ಪಂಚಾಯತಿ ವ್ಯಾಪ್ತಿಯ ಸಸ್ಯವೈವಿಧ್ಯದ ನಕ್ಷೆ: ಉಪಗ್ರಹ ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬೆಟ್ಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಘಟ್ಟದಂಚಿನ ಒಂದು ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ. ನಮ್ಮ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಪರಿಷ್ಕರಿಸುವ ಕೆಲಸವನ್ನು ಕೈಗೆತ್ತಿಕೊಂಡಿದ್ದೇವೆ. ಈಗಿರುವ ದಾಖಲಾತಿಯಲ್ಲಿ ಉಪ್ಪಾಗೆ, ಮುರುಗಲು, ವಾಟೆ, ದಾಲ್ಚಿನ್ನಿ, ಹೆಬ್ಬಲಸು, ಅಪ್ಪೆಮಾವು ಎಂದು ಉದ್ದನೆಯ ಪಟ್ಟಿ ಇದೆ. ಆದರೆ ಯಾವುದು ಎಲ್ಲಿದೆ, ಯಾವ ಭಾಗದಲ್ಲಿ ಜಾತಿಗಳು ಹೆಚ್ಚು, ಯಾವ ಜಾಗವನ್ನು ಮೊದಲು ಕಾಪಾಡಬೇಕು ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ರಸ್ತೆ ಅಗಲೀಕರಣದ ಅಥವಾ ಹೊಸ ನೆಡುತೋಪಿನ ಪ್ರಸ್ತಾವ ಬಂದಾಗ ಸಮಿತಿಯು ಕೈಯಲ್ಲಿ ನಕ್ಷೆ ಹಿಡಿದು ಮಾತನಾಡುವಂತಾಗಬೇಕು ಎಂಬುದು ನಮ್ಮ ಆಸೆ.

ನಮ್ಮ ವ್ಯಾಪ್ತಿಯಲ್ಲಿ ಹಳೆಯ ಕಾನು, ಅಂದರೆ ನಿತ್ಯಹಸಿರಿನ ದಟ್ಟ ಕಾಡು ಇದೆ, ಅದಕ್ಕೆ ಹೊಂದಿಕೊಂಡು ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳಿವೆ, ಅಲ್ಲಲ್ಲಿ ಬೇಣ (ಹುಲ್ಲುಗಾವಲು), ಕಣಿವೆಯ ಬುಡದಲ್ಲಿ ಅಡಿಕೆ ತೋಟ, ಗುಡ್ಡದ ಮೇಲೆ ಅಕೇಶಿಯಾ ನೆಡುತೋಪು. ಅಘನಾಶಿನಿಯತ್ತ ಇಳಿಯುವ ಹಳ್ಳಗಳ ತಲೆಯಲ್ಲಿ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಜಾತಿಯ ಮರಗಳಿರುವ ಕೆಸರುಕಾಡುಗಳು, ಇವೆಯೆಂದು ಹಿರಿಯರು ಹೇಳುತ್ತಾರೆ. ಸೆಂಟಿನೆಲ್-2 ಉಪಗ್ರಹದ ಫೆಬ್ರವರಿ ತಿಂಗಳ ಚಿತ್ರವನ್ನು ಇಳಿಸಿಕೊಂಡು ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಎನ್‌ಡಿವಿಐ, ಅಂದರೆ ಹಸಿರು ಸೂಚ್ಯಂಕದ ನಕ್ಷೆಯನ್ನು ತಯಾರಿಸಿ ನೋಡಿದೆವು. ಕಾನು, ಅಡಿಕೆ ತೋಟ, ಅಕೇಶಿಯಾ ಮೂರೂ ಒಂದೇ ಕಡುಹಸಿರಿನಲ್ಲಿ ಬಂದವು. ಮತ್ತಿ, ಕಿಂದಳ, ಹೊನ್ನೆ, ನಂದಿ ಎಲ್ಲವೂ ಇರುವ ಬೆಟ್ಟ ಮಾತ್ರ ಹಳದಿಗೆ ತಿರುಗಿ, ಬಡವಾದ ಜಾಗದಂತೆ ಕಾಣಿಸಿತು.

ಹೀಗಿರುವಾಗ ಉಪಗ್ರಹ ಚಿತ್ರದಿಂದ ಸಸ್ಯವೈವಿಧ್ಯವನ್ನು ಅಳೆಯುವುದು ಸಾಧ್ಯವೇ? ಸಾಧ್ಯವಿದ್ದರೆ ನೆಲದ ಮೇಲೆ ಎಷ್ಟು ಕೆಲಸ ಮಾಡಬೇಕು? ಜಡ್ಡಿಗಳನ್ನು ಹುಡುಕಲು, ಒಂದು ಜಾತಿ ಎಲ್ಲಿ ಇರಬಹುದೆಂದು ಊಹಿಸುವ ಮ್ಯಾಕ್ಸೆಂಟ್‌ನಂಥ ಮಾದರಿಗಳು ನೆರವಾಗುತ್ತವೆಯೇ? ನಮ್ಮಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್, ಮೊಬೈಲಿನ ಜಿಪಿಎಸ್ ಮತ್ತು ಗಿಡ ಬಲ್ಲ ಊರಿನವರು ಇದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.


ಕಾಳಿತೀರ, ಕಾರವಾರ

ನಮಸ್ಕಾರ. ನಾನು ಭೂಗೋಳ ಪಾಠ ಮಾಡುವವನು. ದೂರಸಂವೇದನೆಯ ಚಿತ್ರಗಳೊಡನೆ ಕೆಲಸ ಮಾಡುತ್ತೇನೆ. ನೀವು ಗಮನಿಸಿದ ಸಂಗತಿ ಬಹಳ ಮುಖ್ಯವಾದದ್ದು. ಎನ್‌ಡಿವಿಐ ಎಂಬುದು ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಬೆಳಕನ್ನು ಹಿಂದಿರುಗಿಸುವ ಗುಣವನ್ನು ಆಧರಿಸಿದ ಲೆಕ್ಕ. ಒಂದು ಜಾಗದಲ್ಲಿ ಹಸಿರೆಲೆ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಬಗೆಯ ಎಲೆ ಇದೆ ಎಂಬುದನ್ನಲ್ಲ. ಅಲ್ಲದೆ ದಟ್ಟ ಕಾಡಿನಲ್ಲಿ ಅದರ ಮೌಲ್ಯ ಒಂದು ಮಟ್ಟಕ್ಕೆ ಏರಿ ಅಲ್ಲಿಯೇ ನಿಂತುಬಿಡುತ್ತದೆ. ಅದಕ್ಕಿಂತ ದಟ್ಟವಾದ ಕಾನು ಸಿಕ್ಕರೂ ಅಂಕಿ ಹೆಚ್ಚುವುದಿಲ್ಲ. ಸರ್ಕಾರಿ ವರದಿಗಳ ಅರಣ್ಯ ಹೊದಿಕೆಯ ಅಂಕಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯ ಪ್ರಕಾರ ಒಂದು ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡದಾದ, ಮರಗಳ ನೆತ್ತಿ ನೆಲದ ಶೇಕಡಾ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಮರ ಯಾವ ಜಾತಿಯದು, ಜಮೀನು ಯಾರದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆದ್ದರಿಂದ ಹೊದಿಕೆ ಹೆಚ್ಚಿತೆಂದರೆ ವೈವಿಧ್ಯವೂ ಹೆಚ್ಚಿತೆಂದು ತಿಳಿಯಲಾಗದು.

ನಿಮ್ಮ ಕೆಲಸದಲ್ಲಿ ಉಪಗ್ರಹದ ಮೊದಲ ಉಪಯೋಗ ಕಾಡಿನ ಬಗೆಗಳನ್ನು ಬೇರ್ಪಡಿಸುವುದು. ಅದಕ್ಕೆ ಒಂದು ದಿನದ ಚಿತ್ರ ಸಾಲದು. ಸೆಂಟಿನೆಲ್-2 ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಿತ್ರಗಳಲ್ಲಿ ಮೋಡವಲ್ಲದೆ ಹೆಚ್ಚೇನೂ ಕಾಣದು. ಆದರೆ ನವೆಂಬರ್‌ನಿಂದ ಮೇ ತಿಂಗಳವರೆಗೆ ತಿಂಗಳಿಗೊಂದು ಶುಭ್ರ ಚಿತ್ರವನ್ನು ಆರಿಸಿಕೊಂಡು ಒಂದರ ಮೇಲೊಂದು ಜೋಡಿಸಿದರೆ ಕಾಡು ತನ್ನ ನಡವಳಿಕೆಯಿಂದಲೇ ಗುರುತಿಗೆ ಸಿಗುತ್ತದೆ. ಮತ್ತಿ, ನಂದಿ, ಕಿಂದಳಗಳ ಬೆಟ್ಟ ಬೇಸಿಗೆಯಲ್ಲಿ ಎಲೆ ಉದುರಿಸಿ ಮಳೆಗೆ ಮುಂಚೆ ಮತ್ತೆ ಚಿಗುರುತ್ತದೆ. ಕಾನಿನಲ್ಲಿ ಹಸಿರು ಪೂರ್ತಿ ಹೋಗುವುದಿಲ್ಲ, ಆದರೆ ಬೇರೆ ಬೇರೆ ಮರಗಳು ಬೇರೆ ಬೇರೆ ವಾರಗಳಲ್ಲಿ ಕೆಂಪು ಚಿಗುರು ಹೊರಡಿಸುವುದರಿಂದ ಅಂಕಿ ಚಿತ್ರದ ಚಿಕ್ಕ ಚೌಕಗಳಾದ ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಏರುಪೇರಾಗುತ್ತದೆ. ನೀರು ಹಾಯಿಸುವ ಅಡಿಕೆ ತೋಟ ವರ್ಷವಿಡೀ ಹೆಚ್ಚು ಬದಲಾಗದೆ ಇರುತ್ತದೆ. ನಿಮ್ಮ ಬೆಟ್ಟ ಫೆಬ್ರವರಿಯಲ್ಲಿ ಬಡವಾಗಿ ಕಂಡದ್ದು ಎಲೆ ಉದುರಿದ್ದರಿಂದ, ಮತ್ತು ಬಹುಶಃ ಸೊಪ್ಪು ಕಡಿದಿದ್ದರಿಂದ.

ತೋಟವನ್ನು ಗುರುತಿಸಲು ಎತ್ತರದ ಮಾಹಿತಿಯನ್ನೂ ಸೇರಿಸಿಕೊಳ್ಳಿ, ಏಕೆಂದರೆ ನಮ್ಮ ಕಡೆಯ ಹಳೆಯ ತೋಟಗಳು ಕಣಿವೆಯ ತಳದಲ್ಲಿಯೇ ಇರುತ್ತವೆ. ಪಿಕ್ಸೆಲ್‌ನ ಅಳತೆಯೂ ನೆನಪಿರಲಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟವಾದರೆ ಸೆಂಟಿನೆಲ್‌ನ ಹತ್ತು ಮೀಟರ್ ಚೌಕದೊಳಗೆ ಹದಿಮೂರೋ ಹದಿನಾಲ್ಕೋ ಅಡಿಕೆ ಮರ ಬರುತ್ತವೆ. ಲ್ಯಾಂಡ್‌ಸ್ಯಾಟ್‌ನ ಮೂವತ್ತು ಮೀಟರ್ ಚೌಕದಲ್ಲಿ ನೂರಿಪ್ಪತ್ತರಷ್ಟು. ಕಾನಿನ ಒಂದು ದೊಡ್ಡ ಮರದ ನೆತ್ತಿಯೇ ಹತ್ತು ಮೀಟರ್ ಚೌಕವನ್ನು ತುಂಬಿಬಿಡಬಹುದು. ಹೀಗಾಗಿ ಒಂದೇ ಪಿಕ್ಸೆಲ್ ಒಂದು ಕಡೆ ಮರದ ಗುಂಪನ್ನೂ ಇನ್ನೊಂದು ಕಡೆ ಒಂಟಿ ಮರವನ್ನೂ ತೋರಿಸುತ್ತಿರುತ್ತದೆ.

ಎಲೆಗಳು ಹಿಂದಿರುಗಿಸುವ ಬೆಳಕಿನ ವೈವಿಧ್ಯ ಹೆಚ್ಚಿದ್ದಲ್ಲಿ ಜಾತಿಗಳ ವೈವಿಧ್ಯವೂ ಹೆಚ್ಚಿರುತ್ತದೆ ಎಂಬ ಊಹೆಯೊಂದು ಈ ಶಾಸ್ತ್ರದಲ್ಲಿ ಇದೆ. ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿ ಅದನ್ನೇ ಜೀವವೈವಿಧ್ಯದ ನಕ್ಷೆಯೆಂದು ಮುದ್ರಿಸಿದ್ದನ್ನು ನೀವು ನೋಡಿರಬಹುದು. ಇಡೀ ಪಂಚಾಯತಿಗೆ ಇದನ್ನು ಅನ್ವಯಿಸಿದರೆ ಗದ್ದೆ, ರಸ್ತೆ, ಮನೆ, ತೋಟ ಸೇರುವ ಅಂಚುಗಳೇ ಅತ್ಯಂತ ಸಮೃದ್ಧ ಜಾಗಗಳಾಗಿ ಬರುತ್ತವೆ. ಮೊದಲು ಕಾಡಿನ ಬಗೆಗಳನ್ನು ಬೇರ್ಪಡಿಸಿ, ಕಾನಿನೊಳಗೆ ಮಾತ್ರ ಈ ಲೆಕ್ಕವನ್ನು ಮಾಡಿದರೆ ಏನಾದರೂ ಅರ್ಥ ಸಿಕ್ಕೀತು. ಅಲ್ಲಿಯೂ ಒಂದು ತೊಡಕಿದೆ. ಈ ಉಪಗ್ರಹ ಬೆಳಗಿನ ಹತ್ತೂವರೆಯ ಹೊತ್ತಿಗೆ ಹಾದುಹೋಗುವುದರಿಂದ ಡಿಸೆಂಬರ್, ಜನವರಿಯ ಚಿತ್ರಗಳಲ್ಲಿ ಘಟ್ಟದ ಪಶ್ಚಿಮ ಇಳಿಜಾರುಗಳು ನೆರಳಿನಲ್ಲಿರುತ್ತವೆ. ಆ ನೆರಳನ್ನು ಸರಿಪಡಿಸದೆ ಲೆಕ್ಕ ಹಾಕಿದರೆ ನೀವು ಅಳೆದದ್ದು ಇಳಿಜಾರನ್ನು, ಸಸ್ಯವನ್ನಲ್ಲ.


ಕರಾವಳಿ ಸಸ್ಯ, ಕುಮಟಾ

ಕಾಳಿತೀರ ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾನು ಸಸ್ಯಗಳನ್ನು ಗುರುತಿಸುವ ಕಡೆಯಿಂದ ಬಂದವಳು. ಆದ್ದರಿಂದ ನೆಲದ ಕೆಲಸದ ಬಗ್ಗೆ ಬರೆಯುತ್ತೇನೆ. ವೈವಿಧ್ಯದ ನಕ್ಷೆಯ ಬೆಲೆ ನಿಲ್ಲುವುದು ಈ ಭಾಗದ ಮೇಲೆಯೇ.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ನಮ್ಮ ಜಿಲ್ಲೆಯಲ್ಲಿ ಬಳಸಿದ ವಿಧಾನವನ್ನೇ ನೀವೂ ಅನುಸರಿಸಬಹುದು. ಕಾಡಿನೊಳಗೆ 180 ಮೀಟರ್ ಉದ್ದದ ನೇರ ಗೆರೆಯನ್ನು ಹಗ್ಗದಿಂದ ಗುರುತಿಸಿ, ಅದರ ಎಡಬಲಗಳಲ್ಲಿ ಒಂದು ಬಿಟ್ಟೊಂದರಂತೆ 20 ಮೀಟರ್ ಉದ್ದಗಲದ ಐದು ಚೌಕಗಳನ್ನು, ನಡುವೆ ಇಪ್ಪತ್ತಿಪ್ಪತ್ತು ಮೀಟರ್ ಬಿಟ್ಟು, ಹಾಕಿಕೊಳ್ಳಬೇಕು. ಚೌಕದೊಳಗೆ ಎದೆಮಟ್ಟದಲ್ಲಿ 30 ಸೆಂಟಿಮೀಟರ್ ಮತ್ತು ಅದಕ್ಕಿಂತ ಹೆಚ್ಚು ಸುತ್ತಳತೆಯ ಪ್ರತಿಯೊಂದು ಮರವನ್ನೂ ಬರೆದುಕೊಳ್ಳಬೇಕು. ಪೊದೆ ಮತ್ತು ಎಳೆಯ ಗಿಡಗಳಿಗೆ ಅದರೊಳಗೇ 5 ಮೀಟರ್‌ನ ಚಿಕ್ಕ ಚೌಕಗಳು, ನೆಲಮಟ್ಟದ ಸಸ್ಯಗಳಿಗೆ 1 ಮೀಟರ್‌ನ ಚೌಕಗಳು. ಈ ಎರಡನೆಯ ಮತ್ತು ಮೂರನೆಯ ಹಂತವನ್ನು ಬಿಡಬೇಡಿ. ಉಪಗ್ರಹ ನೋಡುವುದು ಮೇಲಿನ ನೆತ್ತಿಯನ್ನು ಮಾತ್ರ. ಬೆತ್ತ, ಜರಿಗಿಡ, ಕಾಡುಮೆಣಸಿನ ಬಳ್ಳಿ, ನೆಲದ ಆರ್ಕಿಡ್, ಮುಂದಿನ ತಲೆಮಾರಿನ ಸಸಿಗಳೆಲ್ಲ ಅದರ ಕೆಳಗಿವೆ.

ಗೆರೆಗಳನ್ನು ಎಲ್ಲಿ ಹಾಕಬೇಕು ಎಂಬುದನ್ನು ಮಾತ್ರ ಊರಿನವರ ಇಷ್ಟಕ್ಕೆ ಬಿಡಬೇಡಿ. ಕಾಲುದಾರಿ ಹತ್ತಿರವಿರುವ, ಒಳ್ಳೆಯ ಮರಗಳಿರುವ ಜಾಗಕ್ಕೆ ಕಾಲು ತಾನಾಗಿಯೇ ಹೋಗುತ್ತದೆ. ಕಾಳಿತೀರ ಅವರು ವಿವರಿಸಿದಂತೆ ಕಾಡಿನ ಬಗೆಗಳ ನಕ್ಷೆ ಸಿದ್ಧವಾದ ಮೇಲೆ ಪ್ರತಿಯೊಂದು ಬಗೆಯೊಳಗೂ ಬಿಂದುಗಳನ್ನು ಯಾದೃಚ್ಛಿಕವಾಗಿ ಕ್ಯೂಜಿಐಎಸ್‌ನಿಂದಲೇ ಹಾಕಿಸಿಕೊಳ್ಳಿ, ಆಮೇಲೆ ಅಲ್ಲಿಗೆ ನಡೆಯಿರಿ. ಅಕೇಶಿಯಾದೊಳಗೂ ಗೆರೆ ಇರಲೇಬೇಕು. ಕಾನಿನ ಪಕ್ಕದ ಹಳೆಯ ನೆಡುತೋಪಿನ ಕೆಳಗೆ ಕಾಡಿನ ಸಸಿಗಳು ಮೇಲೇಳುತ್ತಿದ್ದರೆ ಅದು ಸಮಿತಿಗೆ ಬೇಕಾದ ಸುದ್ದಿ, ಏಳುತ್ತಿಲ್ಲವಾದರೆ ಅದೂ ಬೇಕಾದ ಸುದ್ದಿಯೇ.

ಎಷ್ಟು ಗೆರೆ ಸಾಕು ಎಂಬುದಕ್ಕೆ ಮೊದಲೇ ಹೇಳಬಹುದಾದ ಸಂಖ್ಯೆ ಇಲ್ಲ. ಪ್ರತಿ ಚೌಕ ಮುಗಿದಾಗ ಅದುವರೆಗೆ ಸಿಕ್ಕ ಒಟ್ಟು ಜಾತಿಗಳನ್ನು ಒಂದು ಕಾಗದದಲ್ಲಿ ಗುರುತು ಹಾಕುತ್ತ ಹೋಗಿ. ಮೊದಲು ಆ ಗುರುತುಗಳನ್ನು ಜೋಡಿಸಿದ ರೇಖೆ ಕಡಿದಾಗಿ ಏರುತ್ತದೆ, ಮುಂದೆ ಬಾಗುತ್ತದೆ. ಹೊಸ ಚೌಕಗಳಲ್ಲಿ ಹೊಸ ಜಾತಿ ಅಪರೂಪವಾದಾಗ ಆ ಬಗೆಯ ಕಾಡಿಗೆ ನಿಲ್ಲಿಸಬಹುದು. ಕಾನಿನಲ್ಲಿ ಇದು ತಡವಾಗಿ ಬರುತ್ತದೆ. ಎರಡು ಕಾಡುಗಳನ್ನು ಹೋಲಿಸುವಾಗಲೂ ಒಂದೇ ಸಂಖ್ಯೆಯ ಮರಗಳಿಗೆ ಎಷ್ಟು ಜಾತಿ ಎಂದು ಸಮಗೊಳಿಸಿಯೇ ಹೋಲಿಸಬೇಕು. ಹೆಚ್ಚು ಅಳೆದ ಕಡೆ ಹೆಚ್ಚು ಜಾತಿ ಸಿಗುವುದು ಸಹಜ.

ಗುರುತಿಸುವಿಕೆಯ ವಿಷಯದಲ್ಲಿ ಅವಸರ ಬೇಡ. ಪುಸ್ತಕದಲ್ಲಿ ‘ನೇರಲು’ ಎಂದಷ್ಟೇ ಬರೆದುಕೊಂಡು ಬಂದರೆ ಸಿಜಿಜಿಯಂ ಕುಲದ ಹಲವು ಜಾತಿಗಳು ಒಂದಾಗಿಬಿಡುತ್ತವೆ. ಅವುಗಳಲ್ಲಿ ಸಿಜಿಜಿಯಂ ಟ್ರಾವಂಕೋರಿಕಂ ಜಾಗತಿಕವಾಗಿ ತೀವ್ರ ಅಪಾಯದಲ್ಲಿರುವ ಮರ, ನಮ್ಮ ಜಿಲ್ಲೆಯ ಜಡ್ಡಿಗಳಲ್ಲಿ ಇದೆ. ಅನುಮಾನವಿರುವ ಪ್ರತಿಯೊಂದಕ್ಕೂ ಎಲೆಯ ಎರಡೂ ಬದಿ, ತೊಗಟೆ, ತೊಗಟೆಯನ್ನು ಸ್ವಲ್ಪ ಕೆರೆದಾಗ ಬರುವ ಬಣ್ಣ ಅಥವಾ ಅಂಟು, ಸಿಕ್ಕರೆ ಹೂವು ಹಣ್ಣು, ಇಷ್ಟನ್ನು ಚಿತ್ರ ತೆಗೆದು ಸಂಖ್ಯೆ ಕೊಟ್ಟು ಇಡಿ. ಶಿರಸಿಯ ಅರಣ್ಯ ಮಹಾವಿದ್ಯಾಲಯ ನಿಮಗೆ ಹತ್ತಿರದಲ್ಲಿಯೇ ಇದೆ. ಗುರುತಿಸುವಲ್ಲಿ ಅಲ್ಲಿನ ಅಧ್ಯಾಪಕರ ನೆರವು ಕೇಳಬಹುದು.

ಇನ್ನೊಂದು ಮಾತು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಜಂಬಿಟ್ಟಿಗೆಯ ಬಯಲುಗಳು ಉಪಗ್ರಹ ಚಿತ್ರದಲ್ಲಿ ಬಂಜರಾಗಿಯೇ ಬರುತ್ತವೆ. ಚಿತ್ರ ಸಿಗುವ ತಿಂಗಳುಗಳಲ್ಲಿ ಅಲ್ಲಿ ಕರಿಕಲ್ಲಲ್ಲದೆ ಏನೂ ಇರುವುದಿಲ್ಲ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಬೆರಳೆತ್ತರದ ಎರಿಯೊಕಾಲಾನ್, ಕೀಟಗಳನ್ನು ಹಿಡಿಯುವ ಯುಟ್ರಿಕುಲೇರಿಯಾ ಮುಂತಾದವು ತುಂಬಿಕೊಳ್ಳುತ್ತವೆ. ಆಗ ಮೇಲೆ ಮೋಡ ಮುಚ್ಚಿರುತ್ತದೆ. ನಿಮ್ಮ ಬೇಣಗಳಿಗೂ ಈ ಮಾತು ಅನ್ವಯಿಸುತ್ತದೆ. ದಯವಿಟ್ಟು ಆಗಸ್ಟ್ ತಿಂಗಳಲ್ಲಿ ಒಮ್ಮೆ ಅಲ್ಲಿ ಕುಳಿತು ಸಸ್ಯಗಳನ್ನು ಬರೆದುಕೊಳ್ಳಿ. ಬಂಜರು ಎಂದು ಬಣ್ಣ ಹಚ್ಚಿದ ಜಾಗವೇ ಮೊದಲು ಕಟ್ಟಡಕ್ಕೂ ಗಣಿಗೂ ಹೋಗುವುದನ್ನು ಕರಾವಳಿಯಲ್ಲಿ ನಾವು ನೋಡುತ್ತಿದ್ದೇವೆ.


ಬೇಡ್ತಿ ಕಣಿವೆ, ಯಲ್ಲಾಪುರ

ಮ್ಯಾಕ್ಸೆಂಟ್ ಬಗ್ಗೆ ಕೇಳಿದ್ದೀರಿ. ಸಸ್ಯಗಳ ವ್ಯಾಪ್ತಿಯ ಮಾದರಿಗಳು ನನ್ನ ಅಧ್ಯಯನದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2006ರಲ್ಲಿ ಪ್ರಕಟವಾದ ಈ ವಿಧಾನ ಒಂದು ಜಾತಿ ಕಂಡ ಜಾಗಗಳ ಹವೆ, ಎತ್ತರ, ಮಣ್ಣು ಮುಂತಾದವನ್ನು ಸುತ್ತಲಿನ ಪ್ರದೇಶದ ಅದೇ ಗುಣಗಳೊಡನೆ ಹೋಲಿಸಿ, ಅದಕ್ಕೆ ಒಗ್ಗುವ ಜಾಗ ಬೇರೆಲ್ಲಿ ಇರಬಹುದು ಎಂದು ಅಂದಾಜಿಸುತ್ತದೆ. ಇಲ್ಲ ಎಂಬ ದಾಖಲೆ ಅದಕ್ಕೆ ಬೇಕಾಗಿಲ್ಲ, ಇದೆ ಎಂಬುದಷ್ಟೇ ಸಾಕು. ಹಳೆಯ ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ದಾಖಲೆಗಳನ್ನು ಬಳಸಲು ಇದರಿಂದ ಅನುಕೂಲವಾಯಿತು, ಹಾಗೆಯೇ ಅನೇಕ ದುರ್ಬಲ ನಕ್ಷೆಗಳೂ ಹುಟ್ಟಿಕೊಂಡವು.

ನಿಮ್ಮ ಪಂಚಾಯತಿಯ ಮಟ್ಟದಲ್ಲಿ ಹವಾಮಾನ ಆಧಾರಿತ ಮಾದರಿಯಿಂದ ಹೆಚ್ಚು ಪ್ರಯೋಜನವಿಲ್ಲ. ಎಲ್ಲರೂ ಬಳಸುವ ವರ್ಲ್ಡ್‌ಕ್ಲೈಮ್ ದತ್ತಾಂಶದ ಒಂದು ಚೌಕ ಸುಮಾರು ಒಂದು ಕಿಲೋಮೀಟರ್. ನಿಮ್ಮ ಇಡೀ ವ್ಯಾಪ್ತಿಗೆ ಅಂಥ ಕೆಲವೇ ಹತ್ತು ಚೌಕಗಳು ಬಂದಾವು. ಅಲ್ಲದೆ ಆ ಅಂಕಿಗಳು ದೂರದೂರದ ಮಳೆಮಾಪನ ಕೇಂದ್ರಗಳ ನಡುವೆ ಲೆಕ್ಕದಿಂದ ತುಂಬಿದವು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಘಟ್ಟದ ನೆತ್ತಿಯಲ್ಲಿ ಇನ್ನೂ ಹೆಚ್ಚಾಗಿ, ಪೂರ್ವಕ್ಕೆ ಮುಂಡಗೋಡ ತಲುಪುವಷ್ಟರಲ್ಲಿ ಸುಮಾರು 1200ಕ್ಕೆ ಇಳಿಯುವ ನಮ್ಮ ಜಿಲ್ಲೆಯಲ್ಲಿ, ದೇವಿಮನೆ ಘಟ್ಟದಂಥ ಒಂದು ಇಳಿಜಾರಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಆ ಚೌಕ ಹೇಳಲಾರದು.

ಜಿಲ್ಲೆಯ ಅಥವಾ ಪಶ್ಚಿಮಘಟ್ಟದ ಮಟ್ಟದಲ್ಲಿ ಮಾತ್ರ ಹವೆಯೇ ಮುಖ್ಯ. ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಹೆಚ್ಚುತ್ತವೆ, ನಿತ್ಯಹರಿದ್ವರ್ಣದ ಅನೇಕ ಮರಗಳು ಒಂದೊಂದಾಗಿ ಹಿಂದುಳಿಯುತ್ತವೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1980ರ ದಶಕದ ಆರಂಭದಲ್ಲಿ ತಯಾರಿಸಿದ 1:2,50,000 ಅಳತೆಯ ಕಾಡಿನ ನಕ್ಷೆಗಳು ಇದನ್ನು ಆಧರಿಸಿಯೇ ಕಾಡುಗಳನ್ನು ವಿಂಗಡಿಸಿದವು. ಅದೇ ಸಂಸ್ಥೆಯವರು ಮಧ್ಯ ಪಶ್ಚಿಮಘಟ್ಟದ 96 ಜಾಗಗಳಲ್ಲಿ ಒಂದೊಂದು ಹೆಕ್ಟೇರಿನ ಮರಗಳನ್ನು ಅಳೆದು, ಆ ದತ್ತಾಂಶವನ್ನು 2010ರಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದಾರೆ. ನಿಮ್ಮ ಕಾನಿನ ಅಂಕಿಗಳನ್ನು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರ ನನಗೆ ಕಾಣದು.

ಮ್ಯಾಕ್ಸೆಂಟ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ದಾಖಲೆಗಳು ಕುಮಟಾ ರಸ್ತೆ, ಸಿದ್ದಾಪುರ ರಸ್ತೆ, ಜೋಗದ ಸುತ್ತಮುತ್ತ ಗುಂಪುಗೂಡಿರುತ್ತವೆ. ಇದನ್ನು ಸರಿದೂಗಿಸದಿದ್ದರೆ ಮಾದರಿಯು ಮರಕ್ಕೆ ಒಗ್ಗುವ ಜಾಗವನ್ನು ಬಿಟ್ಟು ಸಸ್ಯಶಾಸ್ತ್ರಜ್ಞರಿಗೆ ಒಗ್ಗುವ ಜಾಗವನ್ನು ಕಲಿತುಕೊಳ್ಳುತ್ತದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್‌ನಂಥ, ಕೈಬೆರಳೆಣಿಕೆಯ ಜಡ್ಡಿಗಳಲ್ಲಷ್ಟೇ ಇರುವ ಮರಕ್ಕೆ ಈ ವಿಧಾನವನ್ನು ಹಚ್ಚುವುದು ಸರಿಯಲ್ಲ. ಕಲಿಯಲು ಬೇಕಾದಷ್ಟು ಬಿಂದುಗಳೇ ಇಲ್ಲ.

ಜಡ್ಡಿಗಳನ್ನು ಹುಡುಕಲು ಭೂಮಿಯ ಏರಿಳಿತವನ್ನು ಬಳಸಿ. ಒಂದು ಬಿಂದುವಿಗೆ ಮೇಲಿನಿಂದ ಎಷ್ಟು ಜಾಗದ ನೀರು ಬರುತ್ತದೆ, ಅಲ್ಲಿ ಇಳಿಜಾರು ಎಷ್ಟು ಕಡಿಮೆ ಎಂಬ ಎರಡನ್ನು ಸೇರಿಸಿ ನೀರು ನಿಲ್ಲುವ ಸೂಚ್ಯಂಕವನ್ನು ಕ್ಯೂಜಿಐಎಸ್‌ನಲ್ಲಿಯೇ ಲೆಕ್ಕ ಹಾಕಬಹುದು. ಆದರೆ ಎತ್ತರದ ದತ್ತಾಂಶವನ್ನು ನೋಡಿ ಆರಿಸಿಕೊಳ್ಳಿ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ದಟ್ಟ ಕಾಡಿನಲ್ಲಿ ನೆಲವನ್ನು ಪೂರ್ತಿ ಮುಟ್ಟಿಲ್ಲ. ಮರದ ನೆತ್ತಿಯ ಎತ್ತರ ಅದರಲ್ಲಿ ಬೆರೆತಿದೆ. ಕಾನು ಮುಗಿದು ಗದ್ದೆ ಆರಂಭವಾಗುವಲ್ಲಿ ಇಲ್ಲದ ಒಂದು ಗೋಡೆ ಅದರಲ್ಲಿ ಎದ್ದು ನಿಲ್ಲುತ್ತದೆ, ಮರ ಮುಚ್ಚಿದ ಚಿಕ್ಕ ಹಳ್ಳ ಕಾಣೆಯಾಗುತ್ತದೆ. ಮರಗಳ ಮತ್ತು ಕಟ್ಟಡಗಳ ಎತ್ತರವನ್ನು ಲೆಕ್ಕದಿಂದ ಕಳೆದು 2022ರಲ್ಲಿ ಹೊರತಂದ ಫ್ಯಾಬ್‌ಡೆಮ್ ಎಂಬ ದತ್ತಾಂಶ ಇದಕ್ಕಿಂತ ವಾಸಿ. ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದ ಉದ್ದ ತರಂಗದ ರಾಡಾರ್ ಎಲೆಗಳನ್ನು ದಾಟಿ ಕೆಳಗಿನ ನೀರನ್ನೂ ಕಾಂಡವನ್ನೂ ತಟ್ಟಿ ಮರಳಬಲ್ಲದು. ಹೀಗಾಗಿ ನೀರು ನಿಂತ ಕಾಡನ್ನು ಗುರುತಿಸುವಲ್ಲಿ ಅದರ ಮೇಲೆ ನನಗೆ ಭರವಸೆ ಇದೆ, ಆದರೂ ಹತ್ತಾರು ಮೀಟರ್ ಅಗಲದ ನಮ್ಮ ಜಡ್ಡಿಗಳಿಗೆ ಎಷ್ಟು ಒದಗೀತೆಂದು ಪರೀಕ್ಷಿಸಿಯೇ ನೋಡಬೇಕು.

ಕೊನೆಗೆ ಬರುವ ನಕ್ಷೆಯನ್ನು ಜಡ್ಡಿಗಳ ನಕ್ಷೆಯೆಂದು ಕರೆಯಬೇಡಿ, ಹುಡುಕಬೇಕಾದ ಜಾಗಗಳ ನಕ್ಷೆಯೆಂದು ಕರೆಯಿರಿ. ಮುಂದೆ ನಿಮ್ಮ ಚೌಕಗಳ ಜಾತಿಸಂಖ್ಯೆಯನ್ನು ಉಪಗ್ರಹದ ಅಂಕಿಗಳೊಡನೆ ಜೋಡಿಸಿ ಮಾದರಿ ಕಟ್ಟುವುದಾದರೆ, ಪರೀಕ್ಷೆಗೆ ಇಡುವ ಚೌಕಗಳನ್ನು ಅಲ್ಲೊಂದು ಇಲ್ಲೊಂದು ಆರಿಸದೆ ಒಂದು ಇಡೀ ಗುಡ್ಡವನ್ನೇ ಬದಿಗಿಡಿ. ಒಂದೇ ಗೆರೆಯ ಅಕ್ಕಪಕ್ಕದ ಚೌಕಗಳು ಒಂದರಂತೆ ಇನ್ನೊಂದು ಇರುವುದರಿಂದ, ಅವುಗಳಲ್ಲಿ ಒಂದರಿಂದ ಕಲಿತು ಇನ್ನೊಂದನ್ನು ಸರಿಯಾಗಿ ಊಹಿಸಿದ್ದನ್ನು ಯಶಸ್ಸೆಂದು ಎಣಿಸಲಾಗದು.


ಹೊಳೆಸಾಲು, ಸಿದ್ದಾಪುರ

ನಾನು ತೋಟಿಗ, ವಿಜ್ಞಾನ ಓದಿದವನಲ್ಲ. ಜಡ್ಡಿಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಜಡ್ಡಿ ಹುಡುಕುವವರು ಏಪ್ರಿಲ್ ಕೊನೆಯಲ್ಲಿ ಹಳ್ಳ ಹಿಡಿದು ಮೇಲಕ್ಕೆ ನಡೆಯುತ್ತಾರೆ. ಉಳಿದ ಹಳ್ಳಗಳು ಒಣಗಿ ಕಲ್ಲು ಕಾಣುವ ಹೊತ್ತಿನಲ್ಲಿ ಎಲ್ಲಿ ಕಾಲು ಕಪ್ಪು ಕೆಸರಿನಲ್ಲಿ ಹೂತುಕೊಳ್ಳುತ್ತದೆಯೋ ಅಲ್ಲಿ ತಲೆ ಎತ್ತಿ ನೋಡಬೇಕು. ಒಂದು ಜಾತಿಯ ಮರ ಕಾಂಡದ ಬುಡದಿಂದ ಸುತ್ತಲೂ ಊರುಗೋಲಿನಂತೆ ಬೇರು ಇಳಿಸಿ ನಿಂತಿರುತ್ತದೆ. ಇನ್ನೊಂದರ ಬೇರು ಕೆಸರಿನಿಂದ ಮೇಲೆದ್ದು ಮಂಡಿಯಂತೆ ಬಾಗಿ ಮತ್ತೆ ಕೆಸರಿನೊಳಗೆ ಹೋಗುತ್ತದೆ. ಆ ಬೇರಿನ ನಡುವೆ ಹೆಜ್ಜೆಯಿಡುವುದೇ ಕಷ್ಟ. ಇಡೀ ಜಡ್ಡಿಯ ಅಗಲ ಕೆಲವು ಕಡೆ ನಮ್ಮ ಅಂಗಳದಷ್ಟೂ ಇಲ್ಲ.

ನನ್ನ ಕೋರಿಕೆ ಎಂದರೆ, ಈಗ ಇರುವ ಜಡ್ಡಿಯನ್ನಷ್ಟೇ ಅಲ್ಲದೆ ಹಿಂದೆ ಇದ್ದದ್ದನ್ನೂ ನಕ್ಷೆಯಲ್ಲಿ ಸೇರಿಸಿ. ಎಷ್ಟೋ ಜಡ್ಡಿಗಳು ತಲೆಮಾರುಗಳ ಹಿಂದೆಯೇ ಗದ್ದೆ ತೋಟಗಳಾದವು. ಊರಿನ, ಗದ್ದೆಯ ಹೆಸರುಗಳಲ್ಲಿ ಅವು ಉಳಿದಿವೆ. ಉಳಿದವುಗಳಲ್ಲಿ ಕೆಲವಕ್ಕೆ ಮೇಲಿನಿಂದ ಪೈಪು ಹಾಕಿ ನೀರನ್ನು ತೋಟಕ್ಕೆ ತಿರುಗಿಸಲಾಗಿದೆ. ಮೇಲಿನಿಂದ ನೋಡಿದರೆ ಮರ ಹಸಿರಾಗಿಯೇ ಇದೆ. ಕೆಳಗೆ ಕೆಸರು ಒಡೆದು ಬಿರುಕು ಬಿಟ್ಟಿದೆ, ಬಿದ್ದ ಬೀಜ ಮೊಳೆಯುತ್ತಿಲ್ಲ. ದೊಡ್ಡ ಮರಗಳು ಸಾಯುವವರೆಗೆ ಉಪಗ್ರಹಕ್ಕೆ ಅದು ತಿಳಿಯುವುದಿಲ್ಲ ಎಂದು ನನ್ನ ಅಂದಾಜು. ತಪ್ಪಿದ್ದರೆ ಬಲ್ಲವರು ತಿದ್ದಬೇಕು.


ಬೇಡ್ತಿ ಕಣಿವೆ, ಯಲ್ಲಾಪುರ

ಹೊಳೆಸಾಲು ಅವರ ಅಂದಾಜು ಸರಿಯಾಗಿದೆ, ತಿದ್ದುವಂಥದ್ದೇನೂ ಇಲ್ಲ. ದೊಡ್ಡ ಮರಗಳು ವರ್ಷಗಟ್ಟಲೆ ಹಸಿರನ್ನು ಉಳಿಸಿಕೊಳ್ಳುತ್ತವೆ. ಸಸಿಗಳ ಎಣಿಕೆಯೊಂದೇ ಇದಕ್ಕೆ ಬೇಗ ಉತ್ತರ ಕೊಡುತ್ತದೆ. ಪ್ರತಿ ಜಡ್ಡಿಯಲ್ಲಿ ಸಸಿ, ಎಳೆಮರ, ದೊಡ್ಡ ಮರ ಎಂದು ಮೂರು ಎಣಿಕೆ ಮಾಡಿ, ನೀರು ತಿರುಗಿಸಿದ್ದಾರೆಯೇ ಎಂಬುದನ್ನೂ ಬರೆದುಕೊಳ್ಳಿ. ಊರಿನವರ ನೆನಪಿನ ಜಡ್ಡಿಗಳನ್ನು ಪ್ರತ್ಯೇಕ ಪದರದಲ್ಲಿ ಇಟ್ಟರೆ ನೀರು ನಿಲ್ಲುವ ಸೂಚ್ಯಂಕ ಎಷ್ಟು ಸರಿಯಾಗಿದೆ ಎಂದು ಪರೀಕ್ಷಿಸಲು ಅದೇ ಅತ್ಯುತ್ತಮ ದತ್ತಾಂಶವಾಗುತ್ತದೆ.


ಬೆಟ್ಟದಂಚು, ಶಿರಸಿ

ತಮ್ಮೆಲ್ಲರ ಉತ್ತರಗಳನ್ನು ಸಮಿತಿಯ ಸಭೆಯಲ್ಲಿ ಓದಿ ಹೇಳಿದೆ. ಎಲ್ಲರ ಪರವಾಗಿ ಧನ್ಯವಾದಗಳು. ನವೆಂಬರ್‌ನಿಂದ ಮೇವರೆಗಿನ ಚಿತ್ರಗಳಿಂದ ಕಾಡಿನ ಬಗೆಗಳನ್ನು ಮೊದಲು ಬೇರ್ಪಡಿಸುವುದು, ಆಮೇಲೆ ಪ್ರತಿ ಬಗೆಯಲ್ಲಿ ಗೆರೆ ಹಾಕಿ ಚೌಕಗಳನ್ನು ಅಳೆಯುವುದು, ಜಡ್ಡಿಗಳನ್ನು ಬೇಸಿಗೆಯಲ್ಲಿ ಹಿರಿಯರೊಡನೆ ನಡೆದು ಗುರುತಿಸುವುದು ಎಂದು ನಿರ್ಧರಿಸಿದೆವು. ಬೇಣಗಳಿಗೆ ಆಗಸ್ಟ್‌ನಲ್ಲಿ ಹೋಗುತ್ತೇವೆ.

ಇನ್ನೆರಡು ಸಂದೇಹಗಳಿವೆ. ಅಕೇಶಿಯಾ ಇರುವ ಗುಡ್ಡದಲ್ಲಿ ಮೊದಲು ಏನಿತ್ತು ಎಂಬುದರ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಕಾನು ಕಡಿದು ನೆಟ್ಟರೆನ್ನುತ್ತಾರೆ, ಕೆಲವರು ಅದು ಬೋಳುಗುಡ್ಡವೇ ಆಗಿತ್ತೆನ್ನುತ್ತಾರೆ. ಹಳೆಯ ಚಿತ್ರಗಳಿಂದ ಇದು ತಿಳಿಯುತ್ತದೆಯೇ? ಎರಡನೆಯದಾಗಿ, ಯುವಕರೊಬ್ಬರು ಡ್ರೋನ್ ತರುವುದಾಗಿ ಹೇಳಿದ್ದಾರೆ, ಅದರಿಂದ ಉಪಯೋಗವಿದೆಯೇ? ಸಿದ್ಧವಾದ ನಕ್ಷೆಯನ್ನು ಪಂಚಾಯತಿಯ ಗೋಡೆಯ ಮೇಲೆ ಹಾಕಬೇಕೆಂಬ ಸಲಹೆಯೂ ಬಂದಿದೆ.


ಕಾಳಿತೀರ, ಕಾರವಾರ

ಹಳೆಯ ಚಿತ್ರಗಳಿಂದ ಖಂಡಿತ ತಿಳಿಯುತ್ತದೆ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5 2013ರವರೆಗೆ ಕೆಲಸ ಮಾಡಿತು, ಅದರ ಮೂವತ್ತು ಮೀಟರ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ವರ್ಷಕ್ಕೊಂದು ಜನವರಿ ಚಿತ್ರವನ್ನು, ಅದೇ ಹೊತ್ತಿನದನ್ನು, ಸಾಲಾಗಿ ಇಟ್ಟು ಆ ಗುಡ್ಡದ ಮೌಲ್ಯವನ್ನು ಬರೆಯುತ್ತ ಬನ್ನಿ. ಕಾನು ಕಡಿದು ನೆಟ್ಟಿದ್ದರೆ ಎತ್ತರದಲ್ಲಿದ್ದ ಅಂಕಿ ಒಂದು ವರ್ಷ ಥಟ್ಟನೆ ಕುಸಿದು, ಮುಂದಿನ ಕೆಲವು ವರ್ಷಗಳಲ್ಲಿ ಮತ್ತೆ ಏರುತ್ತದೆ. ಬೋಳುಗುಡ್ಡವಾಗಿದ್ದರೆ ತಗ್ಗಿನಿಂದಲೇ ಆರಂಭವಾಗಿ ಏರುತ್ತದೆ. ಅಕೇಶಿಯಾವನ್ನು ಕಟಾವು ಮಾಡಿ ಮತ್ತೆ ನೆಟ್ಟಿದ್ದರೆ ಆ ಏರಿಳಿತ ಮರುಕಳಿಸುತ್ತದೆ, ನೆಡುತೋಪನ್ನು ಕಾನಿನಿಂದ ಬೇರ್ಪಡಿಸಲು ಇಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ. 1984ಕ್ಕೆ ಮೊದಲೇ ನೆಟ್ಟಿದ್ದರೆ ಮಾತ್ರ ಸರ್ವೇ ಇಲಾಖೆಯ ಹಳೆಯ ಟೊಪೊ ನಕ್ಷೆಗಳನ್ನು ನೋಡಬೇಕಾಗುತ್ತದೆ.

ಡ್ರೋನ್‌ನ ಚಿತ್ರದಲ್ಲಿ ಒಂದೊಂದು ಮರದ ನೆತ್ತಿಯೂ ಬಿಡಿಬಿಡಿಯಾಗಿ ಕಾಣುವುದರಿಂದ, ಹೂ ಬಿಟ್ಟ ಅಥವಾ ಚಿಗುರಿದ ಮರಗಳನ್ನು ಎಣಿಸಲು ಅದು ಒಳ್ಳೆಯದು. ಹಾರಿಸುವ ಮೊದಲು 2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂಬುದನ್ನು ಡಿಜಿಟಲ್ ಸ್ಕೈ ತಾಣದಲ್ಲಿ ನೋಡಿಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಪತ್ರವೂ ಕೈಯಲ್ಲಿರಲಿ. ನೌಕಾನೆಲೆ ಮತ್ತು ಕೈಗಾ ಇರುವ ನಮ್ಮ ಕಾರವಾರದ ಕಡೆ ಇದು ಸುಲಭದ ಮಾತಲ್ಲ. ನಿಮ್ಮಲ್ಲಿ ಅಷ್ಟು ತೊಂದರೆ ಇರಲಾರದು. ಇಡೀ ಪಂಚಾಯತಿಯನ್ನು ಹಾರಿಸಿ ಮುಗಿಸುವ ಯೋಚನೆ ಬೇಡ. ಚೌಕಗಳನ್ನು ಅಳೆದ ಗೆರೆಗಳ ಮೇಲಷ್ಟೇ ಹಾರಿಸಿದರೆ ನೆಲದ ಪಟ್ಟಿಗೂ ಉಪಗ್ರಹದ ಪಿಕ್ಸೆಲ್‌ಗೂ ನಡುವಿನ ಕೊಂಡಿ ಸಿಕ್ಕಂತಾಗುತ್ತದೆ.


ಕರಾವಳಿ ಸಸ್ಯ, ಕುಮಟಾ

ಗೋಡೆಯ ಮೇಲಿನ ನಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಾಡಿನ ಬಗೆಗಳು, ಪ್ರತಿ ಬಗೆಯಲ್ಲಿ ಸಿಕ್ಕ ಜಾತಿಗಳ ಸಂಖ್ಯೆ, ನೀರಿನ ಮೂಲಗಳು, ಹಳೆಯ ಜಡ್ಡಿಗಳ ಹೆಸರು, ಇವೆಲ್ಲ ಎಲ್ಲರಿಗೂ ಕಾಣುವಂತೆ ಇರಲಿ. ಅಳೆಯದೆ ಉಳಿದ ಜಾಗಗಳನ್ನು ಬೂದು ಬಣ್ಣದಲ್ಲಿ ಬಿಡಿ, ಮಾದರಿ ಊಹಿಸಿದ ಬಣ್ಣವನ್ನು ಅಲ್ಲಿ ತುಂಬಬೇಡಿ. ನಾಳೆ ಯಾವುದಾದರೂ ಯೋಜನೆಯ ಎದುರು ಈ ನಕ್ಷೆಯನ್ನು ಇಟ್ಟಾಗ ಮೊದಲು ಬರುವ ಪ್ರಶ್ನೆ ಅಳೆದದ್ದೆಷ್ಟು, ಊಹಿಸಿದ್ದೆಷ್ಟು ಎಂಬುದೇ ಆಗಿರುತ್ತದೆ.

ಬೀಟೆ, ರಾಮಪತ್ರೆ, ಸೀತಾಶೋಕ, ಬೆಲೆಬಾಳುವ ಔಷಧಿ ಸಸ್ಯಗಳು, ಒಳ್ಳೆಯ ಅಪ್ಪೆಮಿಡಿಯ ಮರಗಳು ನಿಂತಿರುವ ನಿಖರ ಬಿಂದುಗಳು ಮಾತ್ರ ಆ ಗೋಡೆಯ ಮೇಲೆ ಬರಬಾರದು. ಅಪ್ಪೆಮಿಡಿಗಾಗಿ ಕೊಂಬೆಯನ್ನೇ ಕಡಿಯುವವರು, ತೊಗಟೆಗಾಗಿ ಮರ ಸುಲಿಯುವವರು ನಕ್ಷೆ ಓದಬಲ್ಲರು. ಸಾರ್ವಜನಿಕ ನಕ್ಷೆಯಲ್ಲಿ ಒಂದು ಕಿಲೋಮೀಟರ್ ಚೌಕದೊಳಗೆ ಎಲ್ಲೋ ಇದೆ ಎಂಬಷ್ಟೇ ತಿಳಿಯಲಿ. ನಿಖರ ಅಕ್ಷಾಂಶ ರೇಖಾಂಶಗಳನ್ನು ಸಮಿತಿಯ ದಾಖಲಾತಿಯ ಗೋಪ್ಯ ಭಾಗದಲ್ಲಿ ಇಟ್ಟು, ಯಾರು ಯಾವ ಕಾರಣಕ್ಕೆ ನೋಡಿದರು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆಸಿಕೊಳ್ಳಿ. ಅಂತರ್ಜಾಲದ ಜೀವವೈವಿಧ್ಯ ತಾಣಗಳಿಗೆ ಚಿತ್ರ ಏರಿಸುವ ಮೊದಲು ಮೊಬೈಲು ಚಿತ್ರದೊಳಗೆ ತಾನಾಗಿಯೇ ಸೇರಿಸುವ ಸ್ಥಳದ ಮಾಹಿತಿಯನ್ನು ಅಳಿಸಲು ನಿಮ್ಮ ಯುವಕರಿಗೆ ಹೇಳಿ. ಮೊದಲ ಗೆರೆ ಹಾಕುವ ದಿನಾಂಕವನ್ನು ಇಲ್ಲಿ ತಿಳಿಸಿದರೆ ಗುರುತಿಸುವಿಕೆಗೆ ನಾನೂ ಬರುತ್ತೇನೆ.